ಹಾಲುಕ್ಕಿಸಿದ ಕಕ್ಕಸು

ನಮ್ಮ ಅವ್ವ ಊಟಕ್ಕೆ ಕುಂತರೆ ಪಕ್ಕದಲ್ಲಿ ನೀರಿನ ಚೊಂಬು ಇಟ್ಟುಕೊಳ್ಳುತ್ತಿರಲಿಲ್ಲ. ಮುದ್ದೆ ಇಳಿಯುವುದಕ್ಕೆ ಸಾರಿದ್ದರೆ ಸಾಕು ಎನ್ನುತ್ತಿದ್ದಳು. ಶೇಂಗಾ ಹೊಲದಲ್ಲಿ ಬಿಸಿಲಿಗೆ ಕಳೆ ತೆಗೆದು ಬಂದಾಗಲೂ ಬಾಯಿ ಮುಕ್ಕಳಿಸಿ ಉಗುಳಿ, ಒದ್ದೆ ಕೈಯನ್ನು ಕುತ್ತಿಗೆಗೆ ಒರೆಸಿಕೊಂಡು ಒಲೆ ಮುಂದೆ ಕೂರುತ್ತಿದ್ದಳೇ ಹೊರತು, ಅವಳು ಗಟಗಟ ಕುಡಿದದ್ದನ್ನು ನಾನು ಕಂಡಿರಲಿಲ್ಲ. ಕೆಲವರಿಗೆ ಸಿಹಿ ಸೇರುವುದಿಲ್ಲ, ಕೆಲವರಿಗೆ ಬದನೆಕಾಯಿ ಸೇರುವುದಿಲ್ಲ. ಹಾಗೆ ನಮ್ಮ ಅವ್ವನಿಗೆ ನೀರು ಸೇರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಆಟ ಮುಗಿಸಿ ಬಂದು ನಾನು ಚೊಂಬೆತ್ತಿದರೆ, ಹೊತ್ತು ಮುಳುಗುವ ಸಮಯವಾಗಿದ್ದರೆ, ಅವ್ವ ಕೈ ಅಡ್ಡ ಹಿಡಿಯುತ್ತಿದ್ದಳು.

"ಸಾಕು ಬಿಡೇ. ತುಟಿ ನೆಕ್ಕಂಡು ಮಲಕ್ಕ. ಆಮೇಲೆ ಎಬ್ಬುಸ್ಬ್ಯಾಡ ನನ್ನ."

ಅವಳಿಗೆ ನೀರು ಸೇರದೆ ಇದ್ದದ್ದಲ್ಲ ಎಂದು ಗೊತ್ತಾಗುವ ಹೊತ್ತಿಗೆ ನಾನೂ ಹಾಗೇ ಬದುಕುವುದನ್ನು ಕಲಿತಿದ್ದೆ. ನಮ್ಮ ಹಟ್ಟಿ ಇದ್ದದ್ದು ಹರಿಯಬ್ಬೆಯಿಂದ ಧರ್ಮಪುರದ ಕಡೆಗೆ ಹೋಗುವ ದಾರಿಯಲ್ಲಿ. ಸುತ್ತ ಜಾಲಿ ಮುಳ್ಳಿನ ಬೇಲಿ, ಒಳಗೆ ಮಣ್ಣಿನ ಮಾಳಿಗೆ ಮನೆಗಳು, ಪ್ರತಿ ಮನೆಯ ಮುಂದೆ ಕುರಿ ಕೂಡುವ ರೊಪ್ಪ. ನಮ್ಮ ಮನೆಗೆ ಪಡಸಾಲೆ, ನಡುಮನೆ, ಹೊಗೆ ಹಿಡಿದ ಅಡುಗೆಮನೆ, ಹಿಂದೆ ಹಿತ್ತಲು. ಎದುರಿಗೇ ರಂಗಪ್ಪನ ಗುಡಿ, ಅದರ ಪೂಜೆ ನಮ್ಮ ಅಜ್ಜನದು. ಹೆಂಗಸರಿಗೆ ಬಯಲು ಎಂದರೆ ಹುಣಸೆ ಮರದಾಚೆಯ ಹಳ್ಳದ ಅಂಚು. ಹೊತ್ತು ಹುಟ್ಟುವ ಮೊದಲು ಒಂದು ಸಲ, ಮುಳುಗಿದ ಮೇಲೆ ಒಂದು ಸಲ. ಅವೆರಡರ ನಡುವೆ ಏನೇ ಬರಲಿ, ತಡೆದುಕೊಂಡೇ ಕಸ ಗುಡಿಸಬೇಕು, ಮುದ್ದೆ ತೊಳಸಬೇಕು, ಕಳೆ ಕೀಳಬೇಕು. ಗಂಡಸರಿಗೆ ಈ ಲೆಕ್ಕ ಇರಲಿಲ್ಲ. ಅಜ್ಜನಿಗಂತೂ ವಯಸ್ಸಾದ ಮೇಲೆ ತಡೆಯುವುದಕ್ಕೇ ಆಗುತ್ತಿರಲಿಲ್ಲ. ಮಾತು ಅರ್ಧಕ್ಕೆ ಬಿಟ್ಟು ಎದ್ದು ರೊಪ್ಪದ ಗೋಡೆಗೆ ಮುಖ ಮಾಡಿ ನಿಂತು, ವಾಪಸ್ಸು ಬಂದು ಆ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದ. ಮೋಡ ಸರಿದರೆ ಯಾರಾದರೂ ತಲೆ ಎತ್ತಿ ನೋಡುತ್ತಾರೆಯೇ, ಹಾಗೆ ಅದನ್ನು ಯಾರೂ ಗಮನಿಸುತ್ತಿರಲಿಲ್ಲ.

ಹಳ್ಳದ ಅಂಚಿನಲ್ಲಿ ಮೊದಲು ಜಾಲಿ ಗಿಡಗಳು ಒತ್ತಾಗಿ ಬೆಳೆದು ಮರೆಯಾಗಿದ್ದವಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಹೊಲದವರು ಅದನ್ನೆಲ್ಲ ಕಡಿದು ಶೇಂಗಾ ಬಿತ್ತಿದ್ದರು. ಉಳಿದದ್ದು ರಸ್ತೆ ಬದಿಯ ಪಟ್ಟಿ ಮಾತ್ರ. ಆ ರಸ್ತೆಗೆ ಡಾಂಬರು ಬಿತ್ತು, ಬೆಳಗಿನ ಜಾವದ ಬಸ್ಸೂ ಸಂಜೆಯ ಬಸ್ಸೂ ಶುರುವಾದವು. ಬಸ್ಸಿನ ಬೆಳಕು ದೂರದ ತಿರುವಿನಲ್ಲಿ ಕಂಡ ಕೂಡಲೇ ಹೆಂಗಸರೆಲ್ಲ ಸೆರಗು ಎಳೆದುಕೊಂಡು ಎದ್ದು ನಿಲ್ಲಬೇಕು, ಅದು ದಾಟಿದ ಮೇಲೆ ಮತ್ತೆ ಕೂರಬೇಕು. ಶಾಲೆಯಲ್ಲಿ ಡ್ರಿಲ್ಲು ಕಲಿಸುವ ಮೊದಲೇ ನಾನು ಈ ಡ್ರಿಲ್ಲು ಕಲಿತಿದ್ದೆ. ನಮ್ಮ ಚಿಕ್ಕವ್ವ, ಅಂದರೆ ಚಿಕ್ಕಪ್ಪನ ಹೆಂಡತಿ, ಬಾಯಿ ಜೋರಿನವಳು. ನಿಂತಲ್ಲೇ ಬಸ್ಸಿಗೆ ಕೈ ಮುಗಿಯುತ್ತಿದ್ದಳು.

"ನನ್ನ ಗಂಡ ಬಂದ್ರೂ ಇಷ್ಟು ಬೇಗ ಏಳಲ್ಲ ಕಣೇ. ಈ ಡ್ರೈವರಪ್ಪನಿಗೆ ದಿನಾ ಎದ್ದು ನಿಂತು ಮರ್ಯಾದಿ ಕೊಡ್ತೀವಿ ನೋಡು."

ಎಲ್ಲರೂ ನಗುತ್ತಿದ್ದರು. ನಗುತ್ತಾ ನಿಂತಿದ್ದ ಅವ್ವ ಒಂದೊಂದು ಸಲ ಕಿಬ್ಬೊಟ್ಟೆ ಒತ್ತಿ ಹಿಡಿದುಕೊಂಡು ಬಗ್ಗುತ್ತಿದ್ದಳು. ಉರಿ, ಅಷ್ಟೇ, ಎನ್ನುತ್ತಿದ್ದಳು.

ಪಂಚಾಯಿತಿಯಿಂದ ಮನೆಗೊಂದು ಕಕ್ಕಸು ಕಟ್ಟಿಸಿಕೊಡುತ್ತಾರೆ ಎಂಬ ಮಾತು ಬಂದಾಗ ಗಂಡಸರು ಊರಲ್ಲಿರಲಿಲ್ಲ. ಅಪ್ಪ, ಚಿಕ್ಕಪ್ಪ ಇಬ್ಬರೂ ಮಂದೆ ಹೊಡೆದುಕೊಂಡು ಹೊಳಲ್ಕೆರೆ ಕಡೆಗೆ ಹೋಗಿದ್ದರು. ಅಲ್ಲಿಯ ರೈತರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ರಾತ್ರಿಯೆಲ್ಲ ಕುರಿ ಮಲಗಿಸಿ ತರುಬಿಸಿಕೊಳ್ಳುತ್ತಾರೆ. ಮಂದೆಗೆ ಜಾಗ ಗೊತ್ತು ಮಾಡಿಕೊಟ್ಟು ಬರಲು ಅಜ್ಜನೂ ಜೊತೆಗೆ ಹೋಗಿದ್ದ. ಮನೆಯಲ್ಲಿ ಇದ್ದವರು ಅಜ್ಜಿ, ಅವ್ವ, ಚಿಕ್ಕವ್ವ, ನಾನು. ಕೇಳಿದವರಿಗೆ ಅಜ್ಜಿಯೇ ಹ್ಞೂಂ ಎಂದಳು. ಹಿತ್ತಲಲ್ಲಿ ಗುಂಡಿ ತೋಡಿದರು. ಗಾರೆಯವನು ಬಂದು ಗೋಡೆ ಎಬ್ಬಿಸಿದ. ಸಿಮೆಂಟಿನ ನೆಲ, ಶೀಟಿನ ಸೂರು, ತಗಡಿನ ಬಾಗಿಲು, ಬಾಗಿಲಿಗೆ ಒಳಗಡೆ ಚಿಲಕ. ನಮ್ಮ ಮನೆಯ ಯಾವ ಬಾಗಿಲಿಗೂ ಒಳಚಿಲಕ ಇರಲಿಲ್ಲ. ಅವ್ವ ಒಳಗೆ ಹೋಗಿ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ಕೂರುವ ಬೇಸಿನ್ನು ಇನ್ನೂ ಬಂದಿರಲಿಲ್ಲ. ಅದನ್ನು ಹಿರಿಯೂರಿನಿಂದ ತರುತ್ತೇನೆಂದು ಗಾರೆಯವನು ಹೋಗಿದ್ದ.

ನಮ್ಮ ಅಜ್ಜಿ ದೇವರೆಂದರೆ ಪ್ರಾಣ ಬಿಡುವವಳು. ಹೊಸ ಸೂರಿನ ಕೆಳಗೆ ಮೊದಲು ಹಾಲು ಉಕ್ಕಬೇಕು, ಆಮೇಲೆ ಬದುಕು ನಡೆಯಬೇಕು ಎನ್ನುವುದು ಅವಳ ಕಟ್ಟಳೆ. ಕುರಿಮರಿಗಳಿಗೆ ಚಪ್ಪರ ಹಾಕಿದಾಗಲೂ ಅದರಡಿ ಹಾಲುಕ್ಕಿಸಿದವಳು. ಹಿತ್ತಲಲ್ಲಿ ಸಿಮೆಂಟಿನ ಕೋಣೆಯೊಂದು ಬರಿದೇ ನಿಂತಿರುವುದು ಅವಳಿಗೆ ಸಹಿಸಲಾಗಲಿಲ್ಲ. ಮರಿ ಹಾಕಿದ್ದಕ್ಕೆ ಹಟ್ಟಿಯಲ್ಲೇ ಉಳಿದಿದ್ದ ಕುರಿಯ ಹಾಲು ಕರೆದು, ಮೂರು ಕಲ್ಲು ಹೂಡಿ, ಒಲೆ ಹಚ್ಚಿದಳು.

"ಅತ್ತೆ, ಕಕ್ಕಸಿಗೆ ಯಾರಾನಾ ಹಾಲುಕ್ಕಿಸ್ತಾರಾ?" ಎಂದಳು ಅವ್ವ, ನಗು ತಡೆಯಲಾರದೆ.

"ಸೂರು ಅಂದ್ಮೇಲೆ ಸೂರೇ. ಬರಿ ಸೂರಿನಾಗೆ ಗಾಳಿ ಸೇರ್ಕಂತೈತೆ. ನಾಳೆ ನೀನು ಒಂಟಿಯಾಗಿ ಒಳಗೆ ಕುಂತಾಗ ಹಿಡ್ಕಂಡ್ರೆ ಯಾರು ಬಿಡಿಸ್ತಾರೆ? ಊದು, ಊದು, ಒಲೆ ಆರ್ತೈತೆ."

ಹಾಲು ಪೂರ್ವಕ್ಕೆ ಉಕ್ಕಿತು. ಅಜ್ಜಿ ಗೋಡೆಗೆ ಅರಿಶಿನ ಕುಂಕುಮ ಇಟ್ಟು, ದೀಪ ಹಚ್ಚಿ, ಹಟ್ಟಿಯವರಿಗೆಲ್ಲ ಬೆಲ್ಲ ಹಂಚಿದಳು. ಸೊಸೆಗೆ ಕೆಡುಕಾಗಬಾರದು ಎನ್ನುವುದೇ ಅವಳ ಮನಸ್ಸಿನಲ್ಲಿ ಇದ್ದದ್ದು. ಮುಂದೆ ಆದದ್ದಕ್ಕೆ ನಾನು ಇವತ್ತಿಗೂ ಅಜ್ಜಿಯನ್ನು ದೂರುವುದಿಲ್ಲ.

ಗಾರೆಯವನು ಬೇಸಿನ್ನು ತಂದು ಕೂರಿಸಿ ಹೋದ. ಅದರ ಸಿಮೆಂಟು ಒಣಗಲೆಂದು ಕಾಯುತ್ತಿರುವಾಗಲೇ ಅಜ್ಜ ಊರಿಗೆ ಬಂದ. ಕಂಬಳಿ ಕೆಳಗಿಟ್ಟು ಹಿತ್ತಲಿಗೆ ಹೋಗಿ ಕೋಣೆಯನ್ನು ಸುತ್ತಿ ನೋಡಿದ. ಒಳಗೆ ಇಣುಕಿ, ಗೋಡೆಯ ಮೇಲಿನ ಕುಂಕುಮ ನೋಡಿದ.

"ಹಾಲುಕ್ಕಿಸಿದ್ರಾ ಇಲ್ಲಿ?"

"ಹ್ಞೂಂ. ಪೂರ್ವಕ್ಕೇ ಉಕ್ತು," ಎಂದಳು ಅಜ್ಜಿ ಹೆಮ್ಮೆಯಿಂದ.

"ಹಾಲುಕ್ಕಿ, ದೀಪ ಉರಿದ ಜಾಗದಾಗೆ ಹೋಗಿ ಚೊಂಬು ಇಡ್ಕಂಡು ಕುಂತ್ಕಂತೀರಾ? ಬುದ್ಧಿ ಐತೇನ್ರಿ ನಿಮಗೆ?"

ಅಜ್ಜಿಯ ಮುಖ ಇಷ್ಟು ಚಿಕ್ಕದಾಯಿತು. ಅದು ಅವಳಿಗೆ ಹೊಳೆದೇ ಇರಲಿಲ್ಲ. ಅಜ್ಜ ಹೊರಗಿನಿಂದ ಹಗ್ಗ ಕಟ್ಟಿ ಬಾಗಿಲು ಭದ್ರ ಮಾಡಿದ. ಅಲ್ಲಿಗೆ ಮುಗಿಯಲಿಲ್ಲ. ಆ ಮಳೆಗಾಲದಲ್ಲಿ ಗುಡಿಯ ಮಾಳಿಗೆ ಸೋರಿತು. ರಂಗಪ್ಪನ ಕಲ್ಲಿನ ಮೂರ್ತಿ ಅಲ್ಲೇ ಇದ್ದರೂ ಅವನ ಹಿತ್ತಾಳೆ ಮುಖ, ಗಂಟೆ, ಗದ್ದುಗೆಯ ಕರಿ ಕಂಬಳಿ ಇರುವ ಪೆಟ್ಟಿಗೆಯನ್ನು ಒಣಗಿದ ಜಾಗದಲ್ಲಿ ಇಡಬೇಕಿತ್ತು. ಉಳಿದ ಮನೆಗಳ ಕಕ್ಕಸು ಇನ್ನೂ ಪಂಚಾಯಿತಿಯ ಕಾಗದದಲ್ಲೇ ಇದ್ದದ್ದರಿಂದ ಹಟ್ಟಿಗೆಲ್ಲ ಸೋರದ ಸೂರು ಅದೊಂದೇ. ಬೇಸಿನ್ನಿನ ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಪೆಟ್ಟಿಗೆ ಇಟ್ಟರು. ಅಜ್ಜ ದಿನಾ ಬೆಳಿಗ್ಗೆ ಸ್ನಾನ ಮಾಡಿ ಆ ಬಾಗಿಲಿಗೆ ಊದಿನಕಡ್ಡಿ ಬೆಳಗಿ ಬರತೊಡಗಿದ. ಹೆಂಗಸರು ಮೊದಲಿನ ಹಾಗೇ ಚೊಂಬು ಹಿಡಿದು ರಸ್ತೆ ಬದಿಗೆ ನಡೆದರು. ನಾನು ಹೋಗುವಾಗ ಬರುವಾಗ ಆ ಬಾಗಿಲಿಗೆ ಕೈ ಮುಗಿಯುತ್ತಿದ್ದೆ. ಅದರಲ್ಲಿ ತಮಾಷೆ ಏನಾದರೂ ಇದೆ ಎಂದು ಆಗ ನನಗೆ ಅನ್ನಿಸಿರಲಿಲ್ಲ.

ಅವ್ವನ ಉರಿ ಹೆಚ್ಚುತ್ತಾ ಹೋಯಿತು. ಧರ್ಮಪುರದ ಆಸ್ಪತ್ರೆಯ ನರ್ಸಮ್ಮ ಮಾತ್ರೆ ಕೊಟ್ಟು, ನೀರು ಚೆನ್ನಾಗಿ ಕುಡಿಯಮ್ಮ, ಬಂದಾಗ ತಡೀಬೇಡ ಎಂದರು. ಅವ್ವ ತಲೆಯಾಡಿಸಿ ಬಂದಳು. ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ನುಂಗಿದಳು. ಒಂದು ದಿನ ಹೊಲದಲ್ಲೇ ಚಳಿ ಜ್ವರ ಬಂದು ನಡುಗುತ್ತಾ ಬಿದ್ದಳು. ಅಪ್ಪ ಇನ್ನೂ ಮಂದೆಯ ಜೊತೆಗೇ ಇದ್ದದ್ದರಿಂದ ಚಿಕ್ಕವ್ವನೇ ಬಸ್ಸಿಗೆ ಕೈ ಅಡ್ಡ ಹಾಕಿ ಹಿರಿಯೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸೋಂಕು ಮೇಲಕ್ಕೇರಿದೆ, ಇನ್ನೊಂದು ಸಲ ಹೀಗಾದರೆ ಕಿಡ್ನಿ ಉಳಿಯುವುದು ಕಷ್ಟ ಎಂದರಂತೆ ಡಾಕ್ಟರು. ವಾಪಸ್ಸು ಬಂದ ಅವ್ವನ ಕೈಯ ಮೇಲೆ ಡ್ರಿಪ್ಪು ಹಾಕಿದ ಜಾಗ ನೀಲಿಗಟ್ಟಿತ್ತು. ಹುಣಸೆ ಮರದವರೆಗೂ ನಡೆಯುವ ಶಕ್ತಿ ಇರಲಿಲ್ಲ. ಅವಳು ಕಂಡುಕೊಂಡ ದಾರಿ ಎಂದರೆ ಇದ್ದ ಗುಟುಕು ನೀರನ್ನೂ ಬಿಡುವುದು. ನಾನು ಚೊಂಬು ಹಿಡಿದು ಮುಂದೆ ಕೂತರೆ, ಇಡು, ಕುಡೀತೀನಿ ಎನ್ನುವಳು. ಅದು ಹಾಗೇ ಇರುತ್ತಿತ್ತು. ನಾನು ಆ ಚೊಂಬನ್ನು ನೋಡುತ್ತಾ, ನೀರು ಒಂದಿಷ್ಟಾದರೂ ಇಳಿದಿದೆಯೇ ಎಂದು ಬೆರಳು ಅದ್ದಿ ನೋಡುತ್ತಾ ಕೂತಿರುತ್ತಿದ್ದೆ. ಅವ್ವ ಸತ್ತುಹೋಗುತ್ತಾಳೆ ಎಂಬ ಮಾತು ಹಟ್ಟಿಯಲ್ಲಿ ಯಾರೂ ಆಡಲಿಲ್ಲ, ಆದರೆ ಹೆಂಗಸರು ಬಂದು ನೋಡಿ ಹೋಗುವಾಗ ನನ್ನ ತಲೆ ಸವರುತ್ತಿದ್ದರು. ಅದರಲ್ಲೇ ನನಗೆ ಅರ್ಥವಾಗುತ್ತಿತ್ತು.

ಜಗಳ ತೆಗೆದವಳು ಚಿಕ್ಕವ್ವ. ಅಜ್ಜ ಉಣ್ಣಲು ಕೂತಾಗ ಮುದ್ದೆ ಇಟ್ಟು, ಸಾರಿನ ಸೌಟನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

"ಮಾವ, ಈ ಮನೆಯಾಗೆ ಕುರಿಗೆ ರೊಪ್ಪ ಐತೆ, ಕೋಳಿಗೆ ಗೂಡೈತೆ, ದೇವರಿಗೆ ಕಕ್ಕಸೈತೆ. ನಮಗೇನೈತೆ ಹೇಳ್ರಿ."

"ಬಾಯಿ ಮುಚ್ಚೇ. ಏನಂತಿದೀಯ ಗೊತ್ತಾ?"

"ಗೊತ್ತು. ಅಕ್ಕ ಹೋದ್ರೆ ಈ ಹುಡುಗಿನ ಯಾರು ನೋಡ್ಕಂತಾರೆ, ರಂಗಪ್ಪನಾ?"

ಅಜ್ಜ ಉಣ್ಣದೆ ಕೈ ತೊಳೆದ. ಅವನು ಕೆಟ್ಟವನಲ್ಲ. ಅವ್ವನಿಗೆಂದು ಜೋಗಿಮಟ್ಟಿ ಕಾಡಿನ ಕಡೆ ಹೋಗಿ ಯಾವುದೋ ಬೇರು ಹುಡುಕಿ ತಂದವನು. ಆದರೆ ದೇವರ ಜಾಗವನ್ನು ತನ್ನ ಬಾಯಿಂದ ಬಿಡಿಸಲು ಅವನಿಗೆ ಆಗುತ್ತಿರಲಿಲ್ಲ. ಜಗುಲಿಗೆ ಹೋಗಿ ಕೂತು ಅಲ್ಲಿಂದಲೇ ಹೇಳಿದ:

"ನಾನಲ್ಲ ಹೇಳೋನು. ನಾಳಿಕ್ಕೆ ಹೂ ಕೇಳಾಣ. ಬಲಕ್ಕೆ ಕೊಟ್ರೆ ತೆಗೆದುಬಿಡಾಣ. ಎಡಕ್ಕೆ ಕೊಟ್ರೆ ಆ ಮಾತು ಮತ್ತೆ ಎತ್ತಬಾರ್ದು."

ಹೂ ಕೇಳುವುದು ನಮ್ಮಲ್ಲಿ ಮದುವೆಗೆ, ಬಾವಿ ತೋಡುವುದಕ್ಕೆ, ಮಂದೆ ಹೊರಡಿಸುವುದಕ್ಕೆ ಎಲ್ಲದಕ್ಕೂ ಇತ್ತು. ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, ಪೂಜಾರಿ ಮುಂದೆ ಕೂತು ಪ್ರಶ್ನೆ ಇಡುತ್ತಾನೆ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡವೆಂದು. ಕೇಳಿದವನು ಉತ್ತರ ಬರುವವರೆಗೂ ಕೂತ ಜಾಗ ಬಿಟ್ಟು ಏಳಬಾರದು, ಇದು ಕಟ್ಟುನಿಟ್ಟು. ಸಾಮಾನ್ಯವಾಗಿ ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಹೂ ಬೀಳುತ್ತಿತ್ತು.

ಬೆಳಿಗ್ಗೆ ಅಜ್ಜ ಸ್ನಾನ ಮಾಡಿ, ಕಣಗಿಲೆ ಹೂ ಅಂಟಿಸಿ, ಪಂಚೆ ಬಿಗಿದು ಕೂತ. ಗುಡಿಯ ಮುಂದೆ ಅಜ್ಜಿ, ಚಿಕ್ಕವ್ವ, ನಾನು. ಎದುರು ನಮ್ಮ ಮನೆಯ ಜಗುಲಿಯ ಮೇಲೆ ಅವ್ವ ಕಂಬಳಿ ಹೊದ್ದು ಗೋಡೆಗೊರಗಿದ್ದಳು. ಅಜ್ಜ ಗಟ್ಟಿಯಾಗಿ ಕೇಳಿದ. ಹೂ ಅಲ್ಲಾಡಲಿಲ್ಲ. ಮತ್ತೆ ಕೇಳಿದ. ಬಿಸಿಲು ಗುಡಿಯ ಹೊಸಿಲಿಗೆ ಬಂತು, ಹೊಸಿಲು ದಾಟಿತು. ಹೂ ಹಾಗೇ ಇತ್ತು. ನಾನು ಕಣ್ಣು ಮುಚ್ಚಿ, ಬಲಕ್ಕೆ, ಬಲಕ್ಕೆ ಎಂದು ಒಂದೇ ಸಮನೆ ಹೇಳಿಕೊಳ್ಳುತ್ತಿದ್ದೆ. ಕಣ್ಣು ತೆರೆದಾಗ ನನಗೆ ಕಂಡದ್ದು ಹೂವಲ್ಲ, ಅಜ್ಜನ ಬೆನ್ನು. ಅದು ಬೆವರಿತ್ತು. ಅವನು ಚಕ್ಕಂಬಕ್ಕಲ ಬಿಚ್ಚಿ ಮಂಡಿಯ ಮೇಲೆ ಕೂತ. ಮಂಡಿ ಬಿಟ್ಟು ಮತ್ತೆ ಚಕ್ಕಂಬಕ್ಕಲ ಹಾಕಿದ. ತೊಡೆಯನ್ನು ತೊಡೆಗೆ ಒತ್ತಿಕೊಂಡ.

"ಏನಾತು?" ಎಂದಳು ಅಜ್ಜಿ ಗಾಬರಿಯಾಗಿ. "ಎದೆನೋವಾ?"

"ಏನಿಲ್ಲ. ಸುಮ್ನಿರು."

ಚಿಕ್ಕವ್ವನಿಗೆ ಗೊತ್ತಾಗಿಹೋಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಬಹಳ ವಿನಯದಿಂದ ಕೇಳಿದಳು:

"ಮಾವ, ಬಾಯಿ ಒಣಗಿರಬೇಕು. ಒಂದು ಚೊಂಬು ನೀರು ತಂದುಕೊಡ್ಲಾ?"

"ನೀರಿನ ಹೆಸ್ರು ಎತ್ತಬ್ಯಾಡ!" ಎಂದು ಅಜ್ಜ ಗದರಿದ ರಭಸಕ್ಕೆ ಗುಡಿಯೇ ಗುಂಯ್ಗುಟ್ಟಿತು. ಹೂ ಆಗಲೂ ಬೀಳಲಿಲ್ಲ.

ಮಧ್ಯಾಹ್ನ ಕಳೆಯಿತು. ಅಜ್ಜ ಪ್ರಶ್ನೆ ಕೇಳುವುದನ್ನೂ ನಿಲ್ಲಿಸಿದ್ದ. ಎರಡೂ ಕೈಗಳನ್ನು ನೆಲಕ್ಕೆ ಊರಿ, ತಲೆ ತಗ್ಗಿಸಿ, ಹಲ್ಲು ಕಚ್ಚಿ ಕೂತಿದ್ದ. ಅವ್ವ ಹೊಲದ ಬದುವಿನಲ್ಲಿ ಹೀಗೇ ಕೂತಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವನು ತಿರುಗದೆಯೇ ನನ್ನನ್ನು ಕರೆದ.

"ಮಗಾ, ಇಲ್ಲಿ ಬಾ. ನಿಮ್ಮವ್ವನ್ನ ಕೇಳ್ಕಂಡು ಬಾ. ದಿನಾ ಹಿಂಗೇನಾ ಅಂತ."

ನಾನು ಅಂಗಳ ದಾಟಿ ಓಡಿದೆ. ಅವ್ವ ಕಣ್ಣು ಮುಚ್ಚಿದ್ದಳು. ಅಜ್ಜ ಕೇಳಿದ್ದನ್ನು ಹೇಳಿದೆ. ಅವಳು ಕಣ್ಣು ತೆರೆದು ಗುಡಿಯ ಕಡೆ ನೋಡಿದಳು. ಮುಖದಲ್ಲಿ ಕೋಪವಿರಲಿಲ್ಲ, ನಗುವೂ ಇರಲಿಲ್ಲ.

"ಹ್ಞೂಂ, ದಿನಾ ಹಿಂಗೇ ಅಂತ ಹೇಳು. ರೂಢಿ ಆಗ್ತೈತೆ ಅಂತಾನೂ ಹೇಳು."

ಓಡಿ ಬಂದು ಅದನ್ನು ಹಾಗೇ ಒಪ್ಪಿಸಿದೆ. ಅಜ್ಜ ತಲೆ ಎತ್ತಿ ದೇವರನ್ನು ನೋಡಿದ. ಆಮೇಲೆ ಕೈ ಊರಿ ಎದ್ದುಬಿಟ್ಟ. ಅಜ್ಜಿ, ಅಯ್ಯೋ, ಉತ್ತರ ಬಂದಿಲ್ಲ, ಏಳಬ್ಯಾಡ್ರಿ ಎಂದು ಕೂಗಿದಳು.

"ಅವನು ಹೂ ಕೊಡಲ್ಲ," ಎಂದ ಅಜ್ಜ. "ಬೆಳಿಗ್ಗಿಂದ ನಾನು ಅವನ್ನ ಕೇಳ್ತಾ ಇಲ್ಲ. ಅವನೇ ನನ್ನ ಕೇಳ್ತಾ ಅವ್ನೆ."

ಅಷ್ಟು ಹೇಳಿ, ವಯಸ್ಸಿಗೆ ಮೀರಿದ ಓಟ ಓಡಿ ರೊಪ್ಪದ ಗೋಡೆ ಸೇರಿಕೊಂಡ. ಚಿಕ್ಕವ್ವ ಆಗ ತಡೆದಿಟ್ಟ ನಗುವನ್ನೆಲ್ಲ ಬಿಟ್ಟಳು. ಅಜ್ಜಿ ಅವಳಿಗೆ ಒಂದು ಗುದ್ದಿ, ತಾನೂ ನಕ್ಕಳು. ಅಜ್ಜ ವಾಪಸ್ಸು ಬಂದವನು ಯಾರ ಮುಖವನ್ನೂ ನೋಡದೆ ಕೈಕಾಲು ತೊಳೆದು, ಹಿತ್ತಲಿಗೆ ಹೋಗಿ, ಹಗ್ಗ ಬಿಚ್ಚಿ, ದೇವರ ಪೆಟ್ಟಿಗೆಯನ್ನು ತಾನೇ ತಲೆಯ ಮೇಲೆ ಹೊತ್ತು ತಂದು ನಡುಮನೆಯಲ್ಲಿ ಇಟ್ಟ. ಮೇಲೆ ಸೋರದ ಹಾಗೆ ತನ್ನ ಕಂಬಳಿಯನ್ನೇ ಹೊದಿಸಿದ. ಉತ್ತರಕ್ಕೆ ಮೊದಲೇ ಎದ್ದದ್ದಕ್ಕೆ ರಂಗಪ್ಪನಿಗೆ ತಪ್ಪುಕಾಣಿಕೆ ಕಟ್ಟಿದ. ಆದರೂ ಅಪ್ಪಣೆ ಸಿಗದ ಕೆಲಸ ಎಂದು ಅವನ ಮನಸ್ಸು ತಡೆಯುತ್ತಿತ್ತೋ ಏನೋ, ಗುಡಿಯ ಮುಂದೆ ಬಂದು ನಿಂತ. ಆಗ ಅಜ್ಜಿ ಒಳಗೆ ಹೋದಳು. ಬಾಡಿ ಅಂಟಿಕೊಂಡಿದ್ದ ಬಲಭುಜದ ಹೂವನ್ನು ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದಳು.

"ಬಲಗೈಯಾಗೆ ತೆಗ್ದೀನಿ. ಬಲಕ್ಕೇ ಬಿತ್ತು ಅಂತ ತಿಳ್ಕಳ್ರಿ. ಹಾಲುಕ್ಕಿಸಿದ್ದೂ ನಾನೇ, ಕೇಳೋದಿದ್ರೆ ನನ್ನ ಕೇಳ್ಲಿ. ಈ ಮನೆಗೂ ಹಾಲುಕ್ಕಿಸಿದ್ವಿ. ಇದೇ ಮನೆಯಾಗೆ ಹೆತ್ತೀನಿ, ಮಕ್ಕಳ ಹೇಲು ಉಚ್ಚೆ ಬಳಿದೀನಿ. ದೇವರು ಎದ್ದು ಹೋದ್ನಾ?"

ಅಜ್ಜಿ ಅಂಗಳ ದಾಟಿ ಹೋಗಿ ಆ ಹೂವನ್ನು ಅವ್ವನ ತುರುಬಿಗೆ ಸಿಕ್ಕಿಸಿದಳು.

ಆಮೇಲೆ ಎಲ್ಲವೂ ಸಲೀಸಾಯಿತು ಎಂದೇನಲ್ಲ. ಕಕ್ಕಸಿಗೆ ಹಾಕಲು ನೀರು ಬೇಕು, ಆ ಕೊಡಗಳನ್ನು ಹೊರುವವರೂ ಹೆಂಗಸರೇ. ಅಜ್ಜಿ ಮಂಡಿ ಸೋಲುವವರೆಗೂ ಹುಣಸೆ ಮರದ ಕಡೆಗೇ ಹೋದಳು. ಅಜ್ಜ ಸಾಯುವವರೆಗೂ ರೊಪ್ಪದ ಗೋಡೆ ಬಿಡಲಿಲ್ಲ. ಅವ್ವನಿಗೆ ಆಗಾಗ ಉರಿ ಬರುತ್ತಿತ್ತು, ಆದರೆ ಅವಳು ಬದುಕಿದಳು, ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು. ನನಗೆ ಹಿರಿಯೂರಿನಿಂದ ಗಂಡು ನೋಡಲು ಬಂದಾಗ ಅವರ ಮನೆತನ, ಹೊಲ ಯಾವುದನ್ನೂ ಕೇಳದೆ, ಕಕ್ಕಸು ಐತಾ, ಒಳಗಿಂದ ಚಿಲಕ ಐತಾ ಎಂದು ಕೇಳಿದವಳೂ ಅವಳೇ. ಈಗ ಬೆಳಿಗ್ಗೆ ಎದ್ದು ನನ್ನ ಮನೆಯ ಕಕ್ಕಸು ತೊಳೆಯುವಾಗ ಅದರ ಒಳಚಿಲಕ ಮುಟ್ಟಿ ಒಂದು ಸಲ ದೇವರನ್ನು ನೆನೆಯುತ್ತೇನೆ. ದೇವರು ಕೇಳಿದ್ದನ್ನು ಕೊಟ್ಟದ್ದಕ್ಕೆ ಕೈ ಮುಗಿಯುವವರು ಬಹಳ ಜನ ಇದ್ದಾರೆ. ನಾನು ಮಾತ್ರ, ಅವತ್ತು ಅಷ್ಟು ಹೊತ್ತು ಹೂ ಕೊಡದೆ ಇದ್ದನಲ್ಲ, ಅದಕ್ಕೆ ಮುಗಿಯುತ್ತೇನೆ.

ಅವತ್ತು ಸಂಜೆ ಚಿಕ್ಕವ್ವ ಅವ್ವನನ್ನು ಹಿಡಿದುಕೊಂಡು ಹಿತ್ತಲಿಗೆ ನಡೆಸಿದಳು. ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ನಾವು ಹೊರಗೆ ಕಾದೆವು. ಧರ್ಮಪುರದ ಕಡೆಯಿಂದ ಬಸ್ಸು ಬಂತು. ರೂಢಿಯಂತೆ ನನ್ನ ಕಾಲು ಎದ್ದು ನಿಲ್ಲಲು ಹೊರಟಿತು, ಚಿಕ್ಕವ್ವ ಭುಜ ಒತ್ತಿ ಕೂರಿಸಿದಳು. ಅವ್ವ ಹೊರಗೆ ಬಂದು ಜಗುಲಿಯ ಮೇಲೆ ಕೂತು, ಕೈ ಚಾಚಿದಳು. ಏನು ಬೇಕು ಎಂದು ನನಗೆ ತಕ್ಷಣ ತಿಳಿಯಲಿಲ್ಲ.

"ಚೊಂಬು ಕೊಡೇ," ಎಂದಳು.

ತುಂಬಿಸಿ ಕೊಟ್ಟೆ. ಅವಳು ತಲೆ ಹಿಂದಕ್ಕೆ ಎತ್ತಿ ಕುಡಿಯತೊಡಗಿದಳು. ನೀರು ಗಂಟಲಲ್ಲಿ ಇಳಿಯುವುದು ಕಾಣುತ್ತಿತ್ತು, ಒಂದಿಷ್ಟು ಗಲ್ಲದಿಂದ ಜಾರಿ ಕುಪ್ಪಸ ತೋಯಿಸಿತು. ಚೊಂಬು ಬರಿದಾದ ಮೇಲೆ ಅದನ್ನು ಬೋರಲು ಹಿಡಿದು ನನಗೆ ತೋರಿಸಿ, ಇನ್ನೊಂದು ತಾ ಎಂದಳು. ಹೊತ್ತು ಮುಳುಗಿತ್ತು.